ಬೆತ್ಲೆಹೇಮಿನ ಗುಹೆಯ ಪಂಡಿತ ಸಂತ ಜೆರೋಮರು

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಸಂತರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ಕೋರಿದಾಗ, ಅವರ ಮನಸ್ಸಿನಲ್ಲಿದ್ದವರು ಪಾದುವಾದ ಸಂತ ಅಂತೋಣಿಯವರೋ ಸಂತ ಸೆಬಾಸ್ತಿಯನ್ನರೋ ಆಗಿದ್ದಿರಬೇಕು. ನಾವು ಆರಿಸಿಕೊಂಡ ಸಂತರ ಹೆಸರಿನಲ್ಲಿ ನಮ್ಮೂರಿನಲ್ಲಿ ನವದಿನಗಳ ಪ್ರಾರ್ಥನೆ ನಡೆಯುವುದಿಲ್ಲ, ತೇರು ಹೊರಡುವುದಿಲ್ಲ, ಹರಕೆ ಹೊರುವವರೂ ಇಲ್ಲ. ಆದರೂ ಈ ದೇವಾಲಯದ ಮೊದಲ ನಾಲ್ಕು ದಶಕಗಳಲ್ಲಿ ಗುರುಗಳು ಪೀಠದ ಬಳಿ ಲತೀನಿನಲ್ಲಿ ಓದಿದ ಶುಭಸಂದೇಶದ ವಾಚನಗಳೆಲ್ಲವೂ ಅವರ ಕೈಯಿಂದ ತಿದ್ದುಪಡಿ ಹೊಂದಿದವುಗಳೇ. ನಮ್ಮ ಅಜ್ಜ ಅಜ್ಜಿಯರು ಅರ್ಥ ತಿಳಿಯದಿದ್ದರೂ ಕೈಮುಗಿದು ನಿಂತು ಕೇಳಿದ ಆ ಮಾತುಗಳ ಹಿಂದೆ ಒಬ್ಬ ಮನುಷ್ಯನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆ ಇತ್ತು. ಆ ದುಡಿಮೆಗಾಗಿ ಆತನು ತೆತ್ತ ಬೆಲೆಯೂ ಇತ್ತು. ಅವರೇ ಸಂತ ಜೆರೋಮರು.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಜೆರೋಮರು ಸುಲಭದ ಸಂತರಲ್ಲ. ಅವರ ನಾಲಗೆ ಹರಿತವಾದುದು, ಕೋಪ ಮೂಗಿನ ತುದಿಯಲ್ಲಿಯೇ ಇದ್ದುದು. ಗೆಳೆಯರನ್ನು ಕಳೆದುಕೊಂಡರು, ಒಂದು ನಗರವನ್ನೇ ಎದುರು ಹಾಕಿಕೊಂಡರು. ಸಂತರೆಂದರೆ ಮೆತ್ತನೆಯ ಮಾತಿನವರೆಂದು ಭಾವಿಸುವವರಿಗೆ ಇವರ ಚರಿತ್ರೆ ಸ್ವಲ್ಪ ಕಷ್ಟವೆನಿಸೀತು.

ಕ್ರಿ.ಶ. 347ರ ಸುಮಾರಿಗೆ, ದಲ್ಮಾತ್ಯ ಮತ್ತು ಪನ್ನೋನ್ಯ ಎಂಬ ರೋಮನ್ ಪ್ರಾಂತಗಳ ಗಡಿಯಲ್ಲಿದ್ದ ಸ್ತ್ರಿದೋನ್ ಎಂಬ ಚಿಕ್ಕ ಪಟ್ಟಣದಲ್ಲಿ ಅವರು ಜನಿಸಿದರು. ಆ ಪಟ್ಟಣವನ್ನು ಗೋಥರು ಹಾಳುಗೆಡವಿದರು. ಇಂದು ಅದರ ನೆಲೆ ಇದೇ ಎಂದು ಖಚಿತವಾಗಿ ತೋರಿಸಬಲ್ಲವರಿಲ್ಲ. ತಂದೆತಾಯಿಗಳು ಕ್ರೈಸ್ತರು, ಆಸ್ತಿಯುಳ್ಳವರು. ಮಗನನ್ನು ಬಾಲ್ಯದಲ್ಲಿಯೇ ರೋಮಿಗೆ ಕಳುಹಿಸಿ, ಆ ಕಾಲದ ಪ್ರಸಿದ್ಧ ವೈಯಾಕರಣಿ ದೊನಾತುಸನ ಬಳಿ ಓದಿಸಿದರು. ವರ್ಜಿಲ್, ಸಿಸೆರೋ ಮುಂತಾದವರ ಲತೀನ್ ಅವರ ರಕ್ತದಲ್ಲಿ ಬೆರೆತುಹೋಯಿತು. ಯೌವನದ ಚಾಪಲ್ಯಗಳಿಂದಲೂ ಅವರು ದೂರವಿರಲಿಲ್ಲವೆಂದು ಅವರೇ ಬರೆದುಕೊಂಡಿದ್ದಾರೆ. ಆದರೆ ಭಾನುವಾರಗಳಂದು ಸಹಪಾಠಿಗಳೊಡನೆ ನೆಲದಡಿಯ ಸಮಾಧಿಗುಹೆಗಳಿಗೆ ಇಳಿದು, ಆ ಕಗ್ಗತ್ತಲೆಯಲ್ಲಿ ಪ್ರೇಷಿತರ ಹಾಗೂ ರಕ್ತಸಾಕ್ಷಿಗಳ ಗೋರಿಗಳನ್ನು ಸಂದರ್ಶಿಸುತ್ತಿದ್ದರು. ಸ್ನಾನದೀಕ್ಷೆಯನ್ನು ಪ್ರಾಯಕ್ಕೆ ಬಂದ ಮೇಲೆ ಪಡೆಯುವುದು ಅಂದಿನ ಅನೇಕ ಕುಟುಂಬಗಳ ವಾಡಿಕೆ. ಅದರಂತೆ ಜೆರೋಮರು ರೋಮಿನಲ್ಲಿಯೇ ದೀಕ್ಷಾಸ್ನಾನ ಹೊಂದಿದರು.

ಸರ್ಕಾರಿ ಉದ್ಯೋಗದ ಹಾದಿ ಅವರ ಮುಂದೆ ತೆರೆದಿತ್ತು. ಗಾಲ್ ದೇಶದ ತ್ರಿಯೇರ್ ನಗರದಲ್ಲಿದ್ದಾಗ ಅವರ ಮನಸ್ಸು ಸನ್ಯಾಸದತ್ತ ತಿರುಗಿತು. ಬಳಿಕ ಇಟಲಿಯ ಅಕ್ವಿಲೇಯ ನಗರದಲ್ಲಿ ಸಮಾನಮನಸ್ಕರಾದ ತರುಣರ ಒಂದು ಕೂಟವನ್ನು ಸೇರಿದರು. ಅವರಲ್ಲಿ ರುಫೀನುಸ್ ಎಂಬಾತನು ಅವರ ಪ್ರಾಣಸ್ನೇಹಿತ. ಓದುಗರು ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಆ ಕೂಟ ಹೆಚ್ಚು ಕಾಲ ಉಳಿಯಲಿಲ್ಲ. 373ರ ಸುಮಾರಿಗೆ ಜೆರೋಮರು ತಮ್ಮ ಪುಸ್ತಕ ಭಂಡಾರವನ್ನು ಜೊತೆಯಲ್ಲಿಯೇ ಹೊತ್ತುಕೊಂಡು ಪೂರ್ವದೇಶಗಳತ್ತ ಹೊರಟರು. ಮನೆ, ಬಂಧುಗಳು, ರುಚಿಯಾದ ಊಟ ಎಲ್ಲವನ್ನೂ ಬಿಟ್ಟವರಿಗೆ ಪುಸ್ತಕಗಳನ್ನು ಮಾತ್ರ ಬಿಡಲಾಗಲಿಲ್ಲ.

ಅಂತಿಯೋಕ್ಯದಲ್ಲಿ ತಪಸ್ಸುಕಾಲದ ನಡುವೆ ಅವರಿಗೆ ಕಠಿಣವಾದ ಜ್ವರ ಬಂದಿತು. ಬದುಕುವ ಆಸೆ ಉಳಿಯಲಿಲ್ಲ. ಆಗ ಕಂಡ ಕನಸು ಪ್ರಸಿದ್ಧವಾದುದು. ನ್ಯಾಯಾಧಿಪತಿಯ ಮುಂದೆ ಅವರನ್ನು ನಿಲ್ಲಿಸಲಾಯಿತು. ತಾನು ಕ್ರೈಸ್ತನೆಂದು ಅವರು ಹೇಳಿಕೊಂಡಾಗ, ಅದು ಸುಳ್ಳು, ನೀನು ಸಿಸೆರೋವಿನ ಶಿಷ್ಯನೇ ಹೊರತು ಕ್ರಿಸ್ತರ ಶಿಷ್ಯನಲ್ಲ ಎಂಬ ತೀರ್ಪು ಬಂದು, ಚಾಟಿಯ ಏಟುಗಳೂ ಬಿದ್ದವು. ಲೌಕಿಕ ಗ್ರಂಥಗಳನ್ನು ಇನ್ನು ಮುಟ್ಟುವುದಿಲ್ಲವೆಂದು ಅವರು ಆಣೆಯಿಟ್ಟರು. ಬಹುಕಾಲದ ನಂತರ ವಿರೋಧಿಗಳು ಈ ಆಣೆಯನ್ನು ಅವರ ಮುಖಕ್ಕೆ ಹಿಡಿದು ಮುರಿದೆಯಲ್ಲವೆ ಎಂದು ಹಂಗಿಸಿದಾಗ, ಕನಸಿನಲ್ಲಿ ಇಟ್ಟ ಆಣೆಗೆ ಎಚ್ಚರದಲ್ಲಿ ಲೆಕ್ಕ ಕೇಳುವುದೇ ಎಂದು ಅವರು ಮರುಪ್ರಶ್ನೆ ಹಾಕಿದರು.

ಚೇತರಿಸಿಕೊಂಡ ಮೇಲೆ ಸಿರಿಯಾದ ಖಾಲ್ಕಿಸ್ ಮರುಭೂಮಿಯಲ್ಲಿ ಕೆಲವು ವರ್ಷ ತಪಸ್ಸು ಮಾಡಿದರು. ಬಿಸಿಲಿನಿಂದ ಮೈ ಕಪ್ಪಿಟ್ಟಿತು, ಉಪವಾಸದಿಂದ ಎಲುಬು ಕಾಣಿಸಿಕೊಂಡಿತು. ಆದರೂ ಮನಸ್ಸು ರೋಮಿನ ನರ್ತನಗಳತ್ತ ಓಡುತ್ತಿತ್ತು. ಈ ಹೋರಾಟವನ್ನು ಮುಚ್ಚಿಡದೆ ಬರೆದ ಸಂತರು ಅಪರೂಪ. ಓಡುವ ಮನಸ್ಸನ್ನು ಕಟ್ಟಿಹಾಕಲು ಅವರು ಕಂಡುಕೊಂಡ ಉಪಾಯ ಮತ್ತಷ್ಟು ಉಪವಾಸವಲ್ಲ, ವ್ಯಾಕರಣ. ಯೆಹೂದ್ಯಮತದಿಂದ ಕ್ರೈಸ್ತನಾಗಿದ್ದ ಒಬ್ಬ ಸನ್ಯಾಸಿಯ ಪಾದದ ಬಳಿ ಕುಳಿತು, ಎಳೆಯ ಮಗುವಿನಂತೆ ಹೀಬ್ರೂ ಅಕ್ಷರಮಾಲೆಯನ್ನು ತಿದ್ದತೊಡಗಿದರು. ಸಿಸೆರೋವಿನ ಸುಲಲಿತ ವಾಕ್ಯಗಳಲ್ಲಿ ಮಿಂದ ಕಿವಿಗೆ, ಗಂಟಲಿನಿಂದ ಹೊರಡಿಸಬೇಕಾದ ಆ ಶಬ್ದಗಳು ಒರಟಾಗಿ ಕೇಳಿಸಿದವು. ಎಷ್ಟೋ ಸಲ ಬೇಸತ್ತು ಕೈಬಿಟ್ಟರು, ಮತ್ತೆ ಹಿಡಿದರು. ಆ ಕಾಲದ ಲತೀನ್ ಕ್ರೈಸ್ತರಲ್ಲಿ ಹೀಬ್ರೂ ಬಲ್ಲವರು ಇಲ್ಲವೆಂದರೂ ಸಲ್ಲುವುದು. ಅಂದು ಶೋಧನೆಯಿಂದ ಪಾರಾಗಲು ಕಲಿತ ಅಕ್ಷರಗಳೇ ಮುಂದೆ ಪಶ್ಚಿಮದ ಧರ್ಮಸಭೆಗೆ ಶ್ರೀಗ್ರಂಥದ ಬಾಗಿಲನ್ನು ತೆರೆದವು.

ಮರುಭೂಮಿಯ ಸನ್ಯಾಸಿಗಳ ಮತಸಂಬಂಧವಾದ ಜಗಳಗಳು ಅವರನ್ನು ಅಲ್ಲಿ ನಿಲ್ಲಗೊಡಲಿಲ್ಲ. ಅಂತಿಯೋಕ್ಯದ ಧರ್ಮಾಧ್ಯಕ್ಷ ಪೌಲಿನುಸರಿಂದ ಗುರುದೀಕ್ಷೆ ಪಡೆದರು. ಆದರೆ ತಾನು ಸನ್ಯಾಸಿಯಾಗಿಯೇ ಉಳಿಯುವೆನೆಂಬ ಷರತ್ತನ್ನು ಹಾಕಿದರು. ಅನಂತರ ಕಾನ್‌ಸ್ಟಾಂಟಿನೋಪಲಿನಲ್ಲಿ ನಾಜಿಯಾನ್ಸಿನ ಸಂತ ಗ್ರೆಗೊರಿಯವರ ಬಳಿ ಶ್ರೀಗ್ರಂಥದ ವ್ಯಾಖ್ಯಾನವನ್ನು ಕಲಿತು, 382ರಲ್ಲಿ ಮತ್ತೆ ರೋಮ್ ನಗರವನ್ನು ಸೇರಿದರು.

ಆಗ ಪೇತ್ರರ ಪೀಠದಲ್ಲಿದ್ದವರು ಜಗದ್ಗುರು ಸಂತ ದಮಾಸುಸರು. ಅವರು ಜೆರೋಮರನ್ನು ಕಾರ್ಯದರ್ಶಿಯಾಗಿ ಇರಿಸಿಕೊಂಡು ಒಂದು ಕೆಲಸವನ್ನು ಒಪ್ಪಿಸಿದರು. ಲತೀನಿನಲ್ಲಿ ಅಂದು ಶುಭಸಂದೇಶಗಳಿಗೆ ಕೊರತೆಯಿರಲಿಲ್ಲ. ಇದ್ದುದು ಕ್ರಮದ ಕೊರತೆ. ಯಾರು ಯಾರೋ ಗ್ರೀಕಿನಿಂದ ಅನುವಾದಿಸಿದ್ದರು, ಲಿಪಿಕಾರರು ನಿದ್ದೆಗಣ್ಣಿನಲ್ಲಿ ನಕಲು ಮಾಡಿದ್ದರು, ಮತ್ತಾಯರಲ್ಲಿ ಇಲ್ಲದ್ದನ್ನು ಮಾರ್ಕರಿಂದ ತಂದು ತುಂಬಿದ್ದರು. ಪ್ರತಿಗಳು ಎಷ್ಟೋ ಪಾಠಗಳೂ ಅಷ್ಟೇ ಎಂಬಂತಾಗಿತ್ತು. ಇವೆಲ್ಲವನ್ನೂ ಗ್ರೀಕ್ ಮೂಲದೊಡನೆ ಹೋಲಿಸಿ ತಿದ್ದಬೇಕೆಂಬುದು ಜಗದ್ಗುರುಗಳ ಅಪೇಕ್ಷೆ. ಬಾಲ್ಯದಿಂದ ಬಾಯಿಗೆ ರೂಢಿಯಾದ ಮಾತು ಬದಲಾದುದನ್ನು ಕಂಡೊಡನೆ ಪಂಡಿತರೂ ಪಾಮರರೂ ತನ್ನನ್ನು ಶ್ರೀಗ್ರಂಥ ಕೆಡಿಸಿದವನೆಂದು ಬೈಯುವರೆಂದು ಜೆರೋಮರಿಗೆ ಮೊದಲೇ ತಿಳಿದಿತ್ತು. ಹಾಗೆಯೇ ಆಯಿತು.

ಇಲ್ಲಿ ಒಂದು ಸಣ್ಣ ವಿಷಯವನ್ನು ಹೇಳಬೇಕು. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಆಹಾರವನ್ನು ಕುರಿತ ಬೇಡಿಕೆಯಿದೆಯಷ್ಟೆ. ಅಲ್ಲಿ ಆಹಾರಕ್ಕೆ ಹಚ್ಚಿದ ಗ್ರೀಕ್ ವಿಶೇಷಣ ಬಹಳ ವಿರಳವಾದುದು; ಅದರ ಅರ್ಥ ಅನುದಿನದ್ದು ಎಂದೇ ಎಂಬುದು ನಿಶ್ಚಯವಿಲ್ಲ. ಜೆರೋಮರು ಲೂಕರ ಶುಭಸಂದೇಶದಲ್ಲಿ ಅನುದಿನದ ಎಂಬ ಹಳೆಯ ಪದವನ್ನು ಉಳಿಸಿ, ಮತ್ತಾಯರಲ್ಲಿ ಅದೇ ಗ್ರೀಕ್ ಪದಕ್ಕೆ ಸಕಲ ಪದಾರ್ಥಗಳನ್ನೂ ಮೀರಿದ ಎಂಬರ್ಥದ ಹೊಸ ಲತೀನ್ ಪದವನ್ನಿಟ್ಟರು. ಪಂಡಿತರು ಅದನ್ನು ಓದಿದರು. ಜನರು ಮಾತ್ರ ಅನುದಿನದ ಆಹಾರವನ್ನೇ ಬೇಡುತ್ತ ಹೋದರು. ಬಲಿಪೂಜೆಯಲ್ಲಿಯೂ ಅದೇ ನಿಂತಿತು. ತಾಯಿಯ ಮಡಿಲಲ್ಲಿ ಕಲಿತ ಪ್ರಾರ್ಥನೆಯನ್ನು ಪಾಂಡಿತ್ಯ ಕದಲಿಸುವುದು ಎಷ್ಟು ಕಷ್ಟವೆಂಬುದನ್ನು ನಮ್ಮಲ್ಲಿ ಜಪಗಳ ಹಳೆಯ ಪದಗಳು ಬದಲಾದ ಕಾಲದಲ್ಲಿ ನೊಂದುಕೊಂಡ ಹಿರಿಯರು ಬಲ್ಲರು. ಆ ನೋವನ್ನು ನಾವು ಎಂದೂ ಹಗುರವಾಗಿ ಎಣಿಸಿದವರಲ್ಲ.

ರೋಮಿನ ಅವೆಂತೀನ್ ಗುಡ್ಡದ ಮೇಲೆ ಮಾರ್ಸೆಲ್ಲಾ ಎಂಬ ಶ್ರೀಮಂತ ವಿಧವೆಯ ಮನೆಯಲ್ಲಿ ಕೆಲವು ಕುಲೀನ ಸ್ತ್ರೀಯರು ಜಪತಪಗಳಲ್ಲಿ ನಿರತರಾಗಿದ್ದರು. ಜೆರೋಮರು ಅವರಿಗೆ ಶ್ರೀಗ್ರಂಥವನ್ನು ಬೋಧಿಸತೊಡಗಿದರು. ಆ ಶಿಷ್ಯೆಯರು ಸುಮ್ಮನೆ ತಲೆದೂಗುವವರಾಗಿರಲಿಲ್ಲ. ಮಾರ್ಸೆಲ್ಲಾ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಗುರುವನ್ನು ರಾತ್ರಿಯೆಲ್ಲ ಓದುವಂತೆ ಮಾಡುತ್ತಿದ್ದರು. ಐದು ಮಕ್ಕಳ ತಾಯಿಯಾದ ವಿಧವೆ ಪೌಲಾ ಮತ್ತು ಅವರ ಮಗಳು ಎವುಸ್ತೋಕಿಯಂ ಹೀಬ್ರೂ ಕಲಿತು ಕೀರ್ತನೆಗಳನ್ನು ಆ ಭಾಷೆಯಲ್ಲಿಯೇ ಹಾಡುವಷ್ಟು ಮುಂದುವರಿದರು. ಅದರಲ್ಲಿ ಪೌಲಾರ ಉಚ್ಚಾರದಲ್ಲಿ ಲತೀನಿನ ಛಾಯೆಯೇ ಇರಲಿಲ್ಲವಂತೆ.

ಪೌಲಾರ ಇನ್ನೊಬ್ಬ ಮಗಳು ಬ್ಲೆಸಿಲ್ಲಾ. ಇಪ್ಪತ್ತರ ಹರೆಯದಲ್ಲಿಯೇ ವಿಧವೆ. ಮೊದಲು ಅಲಂಕಾರಪ್ರಿಯಳಾಗಿದ್ದ ಆಕೆ, ಜ್ವರದಿಂದ ಎದ್ದ ಮೇಲೆ ಲೋಕವನ್ನು ತೊರೆದು ಜೆರೋಮರ ಮಾರ್ಗದರ್ಶನದಲ್ಲಿ ಕಠಿಣ ತಪಸ್ಸಿಗೆ ಇಳಿದಳು. ಕೆಲವೇ ತಿಂಗಳುಗಳಲ್ಲಿ, 384ರಲ್ಲಿ ತೀರಿಕೊಂಡಳು. ಶವಯಾತ್ರೆಯಲ್ಲಿ ತಾಯಿ ಮೂರ್ಛೆ ಹೋದರು. ಉಪವಾಸ ಮಾಡಿಸಿ ಮಗುವನ್ನು ಕೊಂದರು, ಈ ಸನ್ಯಾಸಿಗಳನ್ನು ನಗರದಿಂದ ಅಟ್ಟಬೇಕು ಎಂದು ಜನ ಗುಜುಗುಜು ಮಾತನಾಡಿದರು. ಇಂಥ ಹೊತ್ತಿನಲ್ಲಿ ಜೆರೋಮರು ಆ ತಾಯಿಗೆ ಬರೆದ ಪತ್ರದಲ್ಲಿ ಆಕೆಯ ಅತಿಯಾದ ಕಣ್ಣೀರನ್ನು ಗದರಿಸಿದರು. ಅದೇ ಪತ್ರದಲ್ಲಿ ತಾನೂ ಅಳುತ್ತಿರುವೆನೆಂದು ಒಪ್ಪಿಕೊಂಡಿದ್ದಾರೆಂಬುದು ನಿಜ. ಆದರೂ ನೂರಾರು ಅಂತ್ಯಕ್ರಿಯೆಗಳನ್ನು ನಡೆಸಿ, ಮಕ್ಕಳ ಗೋರಿಯ ಬಳಿ ನಿಂತ ತಾಯಂದಿರನ್ನು ಕಂಡ ನಮಗೆ ಆ ಪತ್ರವನ್ನು ಓದುವಾಗ ಮನಸ್ಸು ಮುದುಡುತ್ತದೆ. ಸಂತರ ಎಲ್ಲ ನಡೆಗಳೂ ಅನುಕರಣೀಯವಲ್ಲ.

ಅದೇ ವರ್ಷ ದಶಂಬರದಲ್ಲಿ ಜಗದ್ಗುರು ದಮಾಸುಸರು ದೈವಾಧೀನರಾದರು. ಸುಗಂಧ ಪೂಸಿಕೊಂಡು ಶ್ರೀಮಂತರ ಮನೆಗಳನ್ನು ಸುತ್ತುವ ಗುರುಗಳನ್ನು ಜೆರೋಮರು ತಮ್ಮ ಬರಹಗಳಲ್ಲಿ ಚೆನ್ನಾಗಿ ಹಂಗಿಸಿದ್ದರು. ಈಗ ಅವರ ಸರದಿ ಬಂದಿತು. ಪೌಲಾರೊಂದಿಗಿನ ಅವರ ಸಂಬಂಧಕ್ಕೂ ಕೆಟ್ಟ ಬಣ್ಣ ಕಟ್ಟಲಾಯಿತು. 385ರ ಆಗಸ್ಟ್ ತಿಂಗಳಲ್ಲಿ ಅವರು ರೋಮನ್ನು ಬಿಟ್ಟು ಹಡಗು ಹತ್ತಿದರು. ಮತ್ತೆಂದೂ ಮರಳಲಿಲ್ಲ. ತುಸು ಕಾಲದಲ್ಲಿಯೇ ಪೌಲಾ ಹಾಗೂ ಎವುಸ್ತೋಕಿಯಂ ಹಿಂಬಾಲಿಸಿದರು. ದಡದಲ್ಲಿ ಪುಟ್ಟ ಮಗ ತೊಕ್ಸೋಸಿಯುಸ್ ತಾಯಿಯತ್ತ ಕೈಚಾಚಿ ನಿಂತಿದ್ದನು. ಪೌಲಾ ಒಣಗಿದ ಕಣ್ಣುಗಳನ್ನು ಆಕಾಶದತ್ತ ಎತ್ತಿದರು. ಇದನ್ನು ಹೇಗೆ ಗ್ರಹಿಸಬೇಕೆಂಬುದನ್ನು ತಾಯಂದಿರಾದ ಓದುಗರಿಗೇ ಬಿಡುತ್ತೇವೆ.

ಪುಣ್ಯಭೂಮಿಯನ್ನೂ ಐಗುಪ್ತದ ಸನ್ಯಾಸಿಗಳನ್ನೂ ಸಂದರ್ಶಿಸಿ, ಅಲೆಕ್ಸಾಂಡ್ರಿಯದ ಅಂಧ ಪಂಡಿತ ದಿದಿಮುಸರಿಂದ ಪಾಠ ಕೇಳಿ, 386ರಲ್ಲಿ ಅವರೆಲ್ಲರೂ ಬೆತ್ಲೆಹೇಮಿನಲ್ಲಿ ನೆಲೆಸಿದರು. ಪೌಲಾರ ಹಣದಿಂದ ಗಂಡಸರಿಗೊಂದು ಮಠ, ಹೆಂಗಸರಿಗೆ ಕನ್ಯಾಮಠಗಳು, ಯಾತ್ರಿಕರಿಗೊಂದು ಛತ್ರ ನಿರ್ಮಾಣವಾದವು. ಪ್ರಭು ಜನಿಸಿದ ಗುಹೆಯ ಸಮೀಪದಲ್ಲಿಯೇ ಜೆರೋಮರು ತಮ್ಮ ಪುಸ್ತಕಗಳನ್ನು ಹರಡಿಕೊಂಡು ಕುಳಿತರು. ಅಲ್ಲಿಂದ ಮುಂದಿನ 34 ವರ್ಷ ಅವರ ಲೋಕ ಅದೇ.

ಮೊದಲು ಅವರು ಹಳೆಯ ಒಡಂಬಡಿಕೆಯನ್ನು ಗ್ರೀಕ್ ಅನುವಾದದ ಆಧಾರದಿಂದಲೇ ತಿದ್ದುತ್ತಿದ್ದರು. ಆ ಗ್ರೀಕ್ ಅನುವಾದಕ್ಕೆ ಎಪ್ಪತ್ತರ ಅನುವಾದವೆಂದು ಹೆಸರು. ಪ್ರೇಷಿತರ ಕಾಲದಿಂದ ಧರ್ಮಸಭೆ ಬಳಸಿದ್ದು ಅದನ್ನೇ, ಅದು ದೈವಪ್ರೇರಿತವೆಂದೇ ಅನೇಕರ ನಂಬಿಕೆ. ಕೈಸರೇಯದ ಗ್ರಂಥಾಲಯದಲ್ಲಿ ಒರಿಗೆನರು ನೂರೈವತ್ತು ವರ್ಷಗಳ ಹಿಂದೆ ಸಿದ್ಧಪಡಿಸಿದ್ದ ಹೆಕ್ಸಾಪ್ಲಾ ಎಂಬ ಬೃಹದ್ಗ್ರಂಥವಿತ್ತು. ಹೀಬ್ರೂ ಮೂಲ, ಗ್ರೀಕ್ ಅಕ್ಷರಗಳಲ್ಲಿ ಅದೇ ಹೀಬ್ರೂ, ಅನಂತರ ನಾಲ್ಕು ಗ್ರೀಕ್ ಅನುವಾದಗಳು, ಹೀಗೆ ಒಂದೇ ಪುಟದಲ್ಲಿ ಆರು ಅಂಕಣಗಳು. ಅದನ್ನು ಹೋಲಿಸಿ ನೋಡಿದ ಜೆರೋಮರಿಗೆ, ನದಿಯ ನೀರು ಕದಡಿದ್ದರೆ ಕಾಲುವೆಗಳನ್ನು ಬಿಟ್ಟು ಬುಗ್ಗೆಗೇ ಹೋಗಬೇಕೆಂಬುದು ಮನದಟ್ಟಾಯಿತು. 390ರ ಆಸುಪಾಸಿನಲ್ಲಿ ಸಮುವೇಲ ಮತ್ತು ಅರಸುಗಳ ಗ್ರಂಥಗಳಿಂದ ತೊಡಗಿ, 405ರ ಹೊತ್ತಿಗೆ ಹೀಬ್ರೂ ಪವಿತ್ರ ಗ್ರಂಥವಿಡೀ ಲತೀನಿಗೆ ತಂದರು.

ಇದಕ್ಕಾಗಿ ಯೆಹೂದ್ಯ ಪಂಡಿತರ ಸಹಾಯ ಬೇಕಾಗಿತ್ತು. ಬಾರ್ ಅನೀನಾ ಎಂಬಾತನು ತನ್ನವರ ಭಯದಿಂದ, ನಿಕೋದೇಮನಂತೆ ರಾತ್ರಿಯ ಹೊತ್ತು ಬಂದು ಪಾಠ ಹೇಳುತ್ತಿದ್ದನು. ಯೋಬನ ಗ್ರಂಥದ ಕಠಿಣ ಪದಗಳಿಗಾಗಿ ಲಿದ್ದಾ ನಗರದ ಒಬ್ಬ ಉಪಾಧ್ಯಾಯನಿಗೆ ಸಾಕಷ್ಟು ಹಣ ತೆತ್ತರು. ತೋಬಿತನ ಗ್ರಂಥ ಅವರಿಗೆ ದೊರೆತದ್ದು ಅರಮಾಯಿಕ್ ಭಾಷೆಯಲ್ಲಿ. ಆ ಭಾಷೆಯನ್ನೂ ಹೀಬ್ರೂವನ್ನೂ ಬಲ್ಲ ಒಬ್ಬನನ್ನು ಕರೆಸಿ, ಅವನು ಹೀಬ್ರೂವಿನಲ್ಲಿ ಹೇಳಿದ್ದನ್ನು ತಾವು ಲತೀನಿನಲ್ಲಿ ಬರೆಯಿಸಿ, ಒಂದೇ ದಿನದಲ್ಲಿ ಮುಗಿಸಿದರು. ಕಣ್ಣು ಮಂಜಾಗುತ್ತಿತ್ತು, ಲಿಪಿಕಾರರಿಗೆ ಬಾಯಿಂದ ಹೇಳಿ ಬರೆಯಿಸುವುದೇ ಹೆಚ್ಚು. ಅನೇಕ ಗ್ರಂಥಗಳನ್ನು ಪೌಲಾ ಹಾಗೂ ಎವುಸ್ತೋಕಿಯಂ ಇವರಿಗೆ ಅರ್ಪಿಸಿದರು. ಪಂಡಿತರನ್ನು ಬಿಟ್ಟು ಹೆಂಗಸರಿಗೆ ಗ್ರಂಥ ಅರ್ಪಿಸುವುದೇ ಎಂದು ಮೂಗು ಮುರಿದವರಿಗೆ, ಇಸ್ರಯೇಲಿನ ಪ್ರವಾದಿನಿಯರನ್ನು ನೆನಪಿಸಿ ಬಾಯಿ ಮುಚ್ಚಿಸಿದರು.

ಈ ಅನುವಾದ ಆಫ್ರಿಕಾದ ಓಯೆಯಾ ನಗರವನ್ನು, ಅಂದರೆ ಇಂದಿನ ಲಿಬಿಯಾದ ತ್ರಿಪೋಲಿಯನ್ನು, ತಲಪಿದಾಗ ನಡೆದ ಒಂದು ಘಟನೆ ಸಂತ ಅಗಸ್ತೀನರ ಪತ್ರದಿಂದ ತಿಳಿದುಬರುತ್ತದೆ. ನಿನೆವೆಯ ಹೊರಗೆ ಪ್ರವಾದಿ ಯೋನನಿಗೆ ನೆರಳಾಗಿ ದೇವರು ಒಂದು ಗಿಡವನ್ನು ಬೆಳೆಸಿದರೆಂದು ನಾವು ಓದುತ್ತೇವಷ್ಟೆ. ಹಳೆಯ ಅನುವಾದದಲ್ಲಿ ಅದು ಸೋರೆ. ಜನರು ತಲೆತಲಾಂತರದಿಂದ ಸೋರೆಯನ್ನೇ ಕೇಳಿದ್ದರು. ಸಮಾಧಿಗುಹೆಗಳ ಚಿತ್ರಗಳಲ್ಲಿಯೂ ಯೋನನು ಸೋರೆಯ ಚಪ್ಪರದ ಕೆಳಗೇ ಮಲಗಿದ್ದನು. ಅಲ್ಲಿನ ಧರ್ಮಾಧ್ಯಕ್ಷರು ಜೆರೋಮರ ಹೊಸ ಪಾಠವನ್ನು ಓದಿಸಿದಾಗ ಸೋರೆಯ ಬದಲು ಐವಿ ಎಂಬ ಹಬ್ಬುಬಳ್ಳಿಯ ಹೆಸರು ಕೇಳಿಬಂತು. ದೇವಾಲಯದಲ್ಲಿ ಗದ್ದಲವೆದ್ದಿತು. ಗ್ರೀಕ್ ಬಲ್ಲವರು ಇದು ಕಳ್ಳಪಾಠವೆಂದು ಕೂಗಿದರು. ಊರಿನ ಯೆಹೂದ್ಯರನ್ನು ಕೇಳಿದರೆ ಅವರೂ ಹಳೆಯದೇ ಸರಿಯೆಂದರು. ಹಿಂಡೆಲ್ಲ ಚದರಿಹೋಗುವ ಭಯದಿಂದ ಧರ್ಮಾಧ್ಯಕ್ಷರು ಹಳೆಯ ಪದಕ್ಕೇ ಮರಳಬೇಕಾಯಿತು. ಅಗಸ್ತೀನರು ಇದನ್ನು 403ರಲ್ಲಿ ಜೆರೋಮರಿಗೆ ತಿಳಿಸಿ, ಎಲ್ಲರೂ ಒಪ್ಪಿದ ಗ್ರೀಕನ್ನು ಬಿಟ್ಟು ಹೀಬ್ರೂವಿಗೆ ಹೋದರೆ ಗ್ರೀಕ್ ಧರ್ಮಸಭೆಗೂ ಲತೀನ್ ಧರ್ಮಸಭೆಗೂ ನಡುವೆ ಬಿರುಕು ಬೀಳುವುದಿಲ್ಲವೇ ಎಂದು ವಿನಯದಿಂದಲೇ ಕೇಳಿದರು.

ಜೆರೋಮರ ಉತ್ತರದಲ್ಲಿ ವಿನಯವಿರಲಿಲ್ಲ, ಆದರೆ ತಿಳಿವಳಿಕೆಯಿತ್ತು. ಹೀಬ್ರೂವಿನಲ್ಲಿರುವ ಗಿಡ ಸೋರೆಯೂ ಅಲ್ಲ, ಐವಿಯೂ ಅಲ್ಲ. ಪಲೆಸ್ತೀನದ ಮರಳುನೆಲದಲ್ಲಿ ಬೇಗನೆ ಬೆಳೆಯುವ, ಅಗಲವಾದ ಎಲೆಗಳ, ಆಸರೆಯಿಲ್ಲದೆ ತನ್ನ ಕಾಂಡದ ಮೇಲೆಯೇ ನಿಲ್ಲುವ ಗಿಡವದು. ಲತೀನಿನಲ್ಲಿ ಅದಕ್ಕೆ ಹೆಸರಿಲ್ಲ. ಹೀಬ್ರೂ ಹೆಸರನ್ನೇ ಇಟ್ಟರೆ ಯಾರಿಗೂ ತಿಳಿಯದು. ಆದುದರಿಂದ ಹಿಂದಿನ ಅನುವಾದಕರ ಜಾಡಿನಲ್ಲಿ ಐವಿ ಎಂದು ಬರೆದೆನೆಂದರು. ಅವರ ವರ್ಣನೆಯನ್ನು ಓದಿದ ವಿದ್ವಾಂಸರು ಅದು ನಾವು ಹರಳು ಅಥವಾ ಔಡಲವೆಂದು ಕರೆಯುವ ಗಿಡವೇ ಇರಬೇಕೆಂದು ಅಭಿಪ್ರಾಯಪಡುತ್ತಾರೆ. ರೋಮಿನ ಪಂಡಿತರಿಗೆ ಹೆಸರು ಸಿಗದ ಆ ಗಿಡವನ್ನು ನಮ್ಮ ರೈತನು ಹೊಲದ ಬದುವಿನಲ್ಲಿ ದಿನವೂ ನೋಡುತ್ತಾನೆ. ಇಬ್ಬರು ಮಹಾಸಂತರು ಒಂದು ಗಿಡಕ್ಕಾಗಿ ಕಾಗದ ವ್ಯಯಮಾಡಿದರೆಂದು ನಗಬಾರದು. ದೇವರ ವಾಕ್ಯ ಸರಿಯಾಗಿರಬೇಕೆಂಬುದು ಒಬ್ಬರ ಕಾಳಜಿ, ಅದನ್ನು ಕೇಳುವ ಜನರು ಒಂದಾಗಿರಬೇಕೆಂಬುದು ಇನ್ನೊಬ್ಬರ ಕಾಳಜಿ. ಧರ್ಮಕೇಂದ್ರ ನಡೆಸಿದ ಯಾವ ಗುರುವಿಗೂ ಎರಡನೆಯ ಕಾಳಜಿಯನ್ನು ತಳ್ಳಿಹಾಕಲಾಗದು. ಆದರೂ ಈ ವಾದದಲ್ಲಿ ನಾವು ಜೆರೋಮರ ಪಕ್ಷವೇ.

ಜೆರೋಮರದು ಎಲ್ಲವೂ ಸರಿಯೆಂದು ಇದರ ಅರ್ಥವಲ್ಲ. ಸಿನಾಯ್ ಬೆಟ್ಟದಿಂದ ಇಳಿದ ಮೋಶೆಯ ಮುಖ ಪ್ರಕಾಶಿಸುತ್ತಿತ್ತೆಂದು ಹೇಳುವಲ್ಲಿ, ಹೀಬ್ರೂ ಪದಕ್ಕೆ ಕೊಂಬು ಎಂಬ ಪದದೊಡನೆ ನಂಟಿರುವುದರಿಂದ, ಕೊಂಬುಗಳುಳ್ಳ ಮುಖವೆಂದು ಅನುವಾದಿಸಿದರು. ಮೈಕೆಲೆಂಜೆಲೋ ರೋಮಿನಲ್ಲಿ ಕೆತ್ತಿದ ಮೋಶೆಯ ತಲೆಯ ಮೇಲೆ ಎರಡು ಕೊಂಬುಗಳಿರುವುದು ಇದರಿಂದಲೇ. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಹೀಬ್ರೂವಿನಲ್ಲಿ ಇಲ್ಲದ ಗ್ರಂಥಗಳನ್ನು, ಅಂದರೆ ತೋಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಗ್ರಂಥಗಳನ್ನು, ಸಿದ್ಧಾಂತಗಳಿಗೆ ಆಧಾರವಾಗಿಸಕೂಡದೆಂದು ಜೆರೋಮರು ಅಭಿಪ್ರಾಯಪಟ್ಟಿದ್ದರು. ಧರ್ಮಸಭೆ ಅವರ ಅನುವಾದವನ್ನು ಸ್ವೀಕರಿಸಿತು, ಈ ಅಭಿಪ್ರಾಯವನ್ನು ಸ್ವೀಕರಿಸಲಿಲ್ಲ. 393ರ ಹಿಪ್ಪೋ ಮತ್ತು 397ರ ಕಾರ್ಥೇಜ್ ಸಭೆಗಳು ಆ ಗ್ರಂಥಗಳನ್ನು ಪಟ್ಟಿಯಲ್ಲಿ ಸೇರಿಸಿದವು. 1546ರಲ್ಲಿ ತ್ರೆಂತ್ ಮಹಾಸಭೆ ಆ ಪಟ್ಟಿಯನ್ನು ಶಾಶ್ವತವಾಗಿ ಸ್ಥಿರಪಡಿಸಿತು. ನಮ್ಮ ಬೈಬಲಿಗೂ ಪ್ರೊಟೆಸ್ಟಂಟ್ ಸೋದರರ ಬೈಬಲಿಗೂ ಗ್ರಂಥಗಳ ಸಂಖ್ಯೆಯಲ್ಲಿರುವ ವ್ಯತ್ಯಾಸವನ್ನು ಕುರಿತು ಧರ್ಮಕೇಂದ್ರದ ಯುವಕರು ಆಗಾಗ ಕೇಳುವುದುಂಟು. ಆ ಪ್ರಶ್ನೆಯ ಒಂದು ಬೇರು ಇಲ್ಲಿದೆ.

ಈ ವರ್ಷಗಳಲ್ಲಿಯೇ, 392ರಿಂದ 393ರ ಅವಧಿಯಲ್ಲಿ, ಅವರು 135 ಮಂದಿ ಕ್ರೈಸ್ತ ಲೇಖಕರ ಪರಿಚಯ ಗ್ರಂಥವೊಂದನ್ನು ಬರೆದರು. ಕೊನೆಯ ಸ್ಥಾನವನ್ನು ತಮಗೇ ಇಟ್ಟುಕೊಂಡರು. ಅಲೆಕ್ಸಾಂಡ್ರಿಯದ ಪಾಂತೇನುಸರು ಇಂಡಿಯಾಕ್ಕೆ ಹೋದಾಗ ಅಲ್ಲಿ ಪ್ರೇಷಿತ ಬಾರ್ತೊಲೊಮಾಯರು ಮೊದಲೇ ಶುಭಸಂದೇಶ ಸಾರಿದ್ದುದನ್ನು ಕಂಡರೆಂಬ ಮಾತು ಅದರಲ್ಲಿದೆ. ಆ ಇಂಡಿಯಾ ನಮ್ಮ ದೇಶವೇ ಅಥವಾ ಅರೇಬಿಯಾ ಕಡೆಯ ನಾಡೇ ಎಂಬ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅವರ ಇನ್ನೊಂದು ಗ್ರಂಥದಲ್ಲಿ ಬುದ್ಧನ ಜನನದ ಪ್ರಸ್ತಾಪವೂ ಬರುವುದರಿಂದ, ಬೆತ್ಲೆಹೇಮಿನ ಆ ಗುಹೆಯವರೆಗೆ ನಮ್ಮ ನಾಡಿನ ಸುದ್ದಿ ತಲಪಿತ್ತೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ರುಫೀನುಸರ ವಿಷಯ. ಅವರೂ ಪುಣ್ಯಭೂಮಿಗೆ ಬಂದು, ಜೆರುಸಲೇಮಿನ ಓಲಿವ್ ಬೆಟ್ಟದ ಮೇಲೆ ಮಠ ಕಟ್ಟಿಕೊಂಡಿದ್ದರು. ಇಬ್ಬರಿಗೂ ಒರಿಗೆನರ ಬರಹಗಳೆಂದರೆ ಪ್ರಾಣ. ಆದರೆ 393ರಲ್ಲಿ ಒರಿಗೆನರ ಕೆಲವು ಬೋಧನೆಗಳು ಧರ್ಮವಿರುದ್ಧವೆಂಬ ಕೂಗೆದ್ದಾಗ, ಜೆರೋಮರು ಅವನ್ನು ಖಂಡಿಸಿದರು, ರುಫೀನುಸರು ಖಂಡಿಸಲೊಪ್ಪಲಿಲ್ಲ. ಜೆರುಸಲೇಮಿನ ಧರ್ಮಾಧ್ಯಕ್ಷ ಯೊವಾನ್ನರೂ ಈ ಜಗಳದಲ್ಲಿ ಸಿಲುಕಿ, ಜೆರೋಮರಿಗೂ ಅವರ ಮಠದವರಿಗೂ ಪ್ರಭುವಿನ ಜನನಮಂದಿರದ ಬಾಗಿಲನ್ನೇ ಕೆಲವು ಕಾಲ ಮುಚ್ಚಿದರು. 397ರಲ್ಲಿ ಪುನರುತ್ಥಾನ ದೇವಾಲಯದಲ್ಲಿ ಗೆಳೆಯರಿಬ್ಬರೂ ಕೈಕುಲುಕಿ ರಾಜಿಯಾದರು. ಅದು ಬಹಳ ಕಾಲ ಬಾಳಲಿಲ್ಲ. ಇಟಲಿಗೆ ಮರಳಿದ ರುಫೀನುಸರು ಒರಿಗೆನರ ಗ್ರಂಥವೊಂದನ್ನು ಅನುವಾದಿಸಿ, ಮುನ್ನುಡಿಯಲ್ಲಿ ಜೆರೋಮರನ್ನು ಒರಿಗೆನರ ಅಭಿಮಾನಿಯೆಂದು ಹೊಗಳಿದರು. ಆ ಹೊಗಳಿಕೆ ವಿಷವಾಯಿತು. ಗ್ರಂಥಗಳು ಗ್ರಂಥಗಳಿಗೆ ಉತ್ತರವಾಗಿ ಹುಟ್ಟಿದವು. ಹೀಬ್ರೂ ಕಲಿಸಿದ ಬಾರ್ ಅನೀನಾನನ್ನು ರುಫೀನುಸರು ಬರಬ್ಬನೆಂದು ಹಾಸ್ಯಮಾಡಿದರು. ಜೆರೋಮರ ಮಾತುಗಳನ್ನಂತೂ ದೇವಾಲಯದ ಸಂಚಿಕೆಯಲ್ಲಿ ಬರೆಯುವಂತಿಲ್ಲ. ಅಗಸ್ತೀನರು ಇವರಿಬ್ಬರ ಜಗಳವನ್ನು ಕೇಳಿ ದುಃಖದಿಂದ ಬೇಡಿಕೊಂಡರು, ಪ್ರಯೋಜನವಾಗಲಿಲ್ಲ. ರುಫೀನುಸರು ಸಿಸಿಲಿಯಲ್ಲಿ ಮೃತರಾದ ಸುದ್ದಿ ಬಂದ ಮೇಲೂ ಜೆರೋಮರ ಲೇಖನಿ ಅವರನ್ನು ಕುಟುಕಿತು. ಪದಪದವನ್ನು ಮೂಲದೊಡನೆ ತೂಗಿ ನೋಡಿದ ಮಹಾಪಂಡಿತರಿಗೆ ಹಳೆಯ ಗೆಳೆಯನ ಬಗ್ಗೆ ಒಂದು ಮೃದುವಾದ ಪದ ಸಿಗಲಿಲ್ಲ.

404ರ ಜನವರಿ 26ರಂದು ಪೌಲಾ ತೀರಿಕೊಂಡರು. ದಾನಧರ್ಮಗಳಲ್ಲಿ ಅವರ ಅಪಾರ ಸಂಪತ್ತು ಕರಗಿ, ಮಗಳಿಗೆ ಉಳಿದದ್ದು ಸಾಲ. ಬ್ಲೆಸಿಲ್ಲಾಳ ತಾಯಿಯನ್ನು ಅಳಬೇಡವೆಂದು ಗದರಿಸಿದ ಜೆರೋಮರಿಗೆ ಈಗ ಕೈ ಏಳಲಿಲ್ಲ. ಆಕೆಯ ಚರಿತ್ರೆಯನ್ನು ಬರೆಯಲು ಕುಳಿತಾಗಲೆಲ್ಲ ಬೆರಳುಗಳು ಮರಗಟ್ಟಿದವು. ಕೊನೆಗೆ ಎರಡು ರಾತ್ರಿಗಳಲ್ಲಿ ಬಾಯಿಂದ ಹೇಳಿ ಬರೆಯಿಸಿದರು. 410ರಲ್ಲಿ ಅಲಾರಿಕನ ಗೋಥರು ರೋಮನ್ನು ಸೂರೆಗೈದರು. ವೃದ್ಧೆ ಮಾರ್ಸೆಲ್ಲಾ ಸೈನಿಕರ ಏಟುಗಳನ್ನು ತಿಂದು ಕೆಲಕಾಲದಲ್ಲಿಯೇ ಮೃತರಾದರು. ಒಂದು ಕಾಲದಲ್ಲಿ ಸಿರಿವಂತರಾಗಿದ್ದ ರೋಮನ್ನರು ಹರಿದ ಬಟ್ಟೆಯಲ್ಲಿ ಬೆತ್ಲೆಹೇಮಿಗೆ ಬಂದು ಅನ್ನ ಬೇಡಿದರು. ಆಗ ಜೆರೋಮರು ಪ್ರವಾದಿ ಯೆಜೆಕಿಯೇಲನ ವ್ಯಾಖ್ಯಾನವನ್ನು ಬದಿಗಿಟ್ಟು ಅವರ ಸೇವೆಗೆ ನಿಂತರು. ಶ್ರೀಗ್ರಂಥದ ಮಾತುಗಳನ್ನು ಅನುವಾದಿಸುವುದಕ್ಕಿಂತ ಆಚರಿಸುವ ಹೊತ್ತು ಬಂದಿದೆಯೆಂದು ಆ ಮುಂಗೋಪಿ ಮುದುಕರು ಬಗೆದರು. ಅವರ ಜೀವನದಲ್ಲಿ ನಮಗೆ ಅತ್ಯಂತ ಪ್ರಿಯವಾದ ಗಳಿಗೆ ಇದೇ.

416ರಲ್ಲಿ ದುಷ್ಟರ ಗುಂಪೊಂದು ಮಠಗಳಿಗೆ ಬೆಂಕಿಯಿಟ್ಟು ಒಬ್ಬ ಡೀಕನರನ್ನು ಕೊಂದಿತು. ಎವುಸ್ತೋಕಿಯಂ ಸಹ ಅವರಿಗಿಂತ ಮೊದಲೇ ಕಣ್ಮುಚ್ಚಿದರು. 420ರ ಸೆಪ್ಟೆಂಬರ್ 30ರಂದು ಜೆರೋಮರು ಪ್ರಭುವಿನಲ್ಲಿ ನಿದ್ರೆಹೋದರು. ಪ್ರವಾದಿ ಯೆರೆಮೀಯನ ವ್ಯಾಖ್ಯಾನ ಅಪೂರ್ಣವಾಗಿ ಉಳಿಯಿತು.

ಅವರ ಅನುವಾದಕ್ಕೆ ಯಾವ ಧರ್ಮಾಧಿಕಾರಿಯೂ ಆಜ್ಞೆ ಹೊರಡಿಸಿ ಗೌರವ ತಂದುಕೊಡಲಿಲ್ಲ. ಶತಮಾನಗಳು ಉರುಳಿದಂತೆ ಒಂದೊಂದು ಮಠ, ಒಂದೊಂದು ನಗರ ಅದನ್ನು ತಾನಾಗಿ ಕೈಗೆತ್ತಿಕೊಂಡಿತು. ಕೀರ್ತನೆಗಳಲ್ಲಿ ಮಾತ್ರ ಜನರ ಬಾಯಿಪಾಠವೇ ಗೆದ್ದಿತು; ಹೀಬ್ರೂವಿನಿಂದ ಅವರು ಮಾಡಿದ ಅನುವಾದ ಕಪಾಟಿನಲ್ಲಿಯೇ ಉಳಿದು, ಗ್ರೀಕನ್ನು ಅನುಸರಿಸಿ ತಿದ್ದಿದ ಅವರ ಮೊದಲಿನ ಪಾಠ ಪ್ರಾರ್ಥನೆಯಲ್ಲಿ ನಿಂತಿತು. ಎಲ್ಲರಲ್ಲಿಯೂ ಪ್ರಚಲಿತವಾದುದು ಎಂಬರ್ಥದ ವುಲ್ಗಾತ ಎಂಬ ಹೆಸರು ಇಡೀ ಗ್ರಂಥಕ್ಕೆ ಬಹಳ ತಡವಾಗಿ ಅಂಟಿಕೊಂಡಿತು. 1298ರಲ್ಲಿ ಜಗದ್ಗುರು ಎಂಟನೆಯ ಬೊನಿಫಾಸರು ಜೆರೋಮರನ್ನು ಸಂತ ಅಂಬ್ರೋಸ್, ಸಂತ ಅಗಸ್ತೀನ್, ಸಂತ ಮಹಾ ಗ್ರೆಗೊರಿ ಇವರೊಡನೆ ಧರ್ಮಸಭೆಯ ಪಂಡಿತರೆಂದು ಸಾರಿದರು. 1455ರ ಸುಮಾರಿಗೆ ಗುಟೆನ್‌ಬರ್ಗ್ ಅಚ್ಚು ಹಾಕಿದ ಬೈಬಲ್ ಇದೇ ವುಲ್ಗಾತ. ತ್ರೆಂತ್ ಮಹಾಸಭೆ ಇದನ್ನು ಅಧಿಕೃತವೆಂದು ಘೋಷಿಸಿತು. ಮೂಲಭಾಷೆಗಳ ಅಧ್ಯಯನಕ್ಕೆ ಕಥೋಲಿಕ ಪಂಡಿತರನ್ನು ಹುರಿದುಂಬಿಸಿದ ಜಗದ್ಗುರು ಹನ್ನೆರಡನೆಯ ಪಿಯುಸರ ವಿಶ್ವಪತ್ರ 1943ರಲ್ಲಿ ಹೊರಟದ್ದು ಸಂತರ ಹಬ್ಬದ ದಿನದಂದೇ. 1965ರಲ್ಲಿ ದ್ವಿತೀಯ ವತಿಕಾನ್ ಮಹಾಸಭೆ, ಎಲ್ಲ ಭಾಷೆಗಳಿಗೂ ಶ್ರೀಗ್ರಂಥ ಬರಬೇಕು, ಅದರಲ್ಲಿಯೂ ಮೂಲಭಾಷೆಗಳಿಂದಲೇ ಬರುವುದು ಮೇಲು ಎಂದು ಹೇಳಿತು. ಜೆರೋಮರ ಲತೀನ್ ನಮ್ಮ ಪೀಠದಿಂದ ಹಿಂದೆ ಸರಿದು ಕನ್ನಡಕ್ಕೆ ಎಡೆಮಾಡಿಕೊಟ್ಟುದು ಹೀಗೆ, ಜೆರೋಮರ ದಾರಿಯಲ್ಲಿಯೇ. ದೇವರ ವಾಕ್ಯದ ಭಾನುವಾರವನ್ನು ಸ್ಥಾಪಿಸಿದ ಜಗದ್ಗುರು ಫ್ರಾನ್ಸಿಸರ ಪತ್ರಕ್ಕೂ 2019ರ ಸೆಪ್ಟೆಂಬರ್ 30ರ ತಾರೀಕೇ ಇದೆ.

ಚಿತ್ರಗಳಲ್ಲಿ ಅವರಿಗೆ ಕಾರ್ಡಿನಲರ ಕೆಂಪು ಟೋಪಿಯನ್ನು ತೊಡಿಸುತ್ತಾರೆ. ಅವರ ಕಾಲದಲ್ಲಿ ಅಂಥ ಟೋಪಿಯೇ ಇರಲಿಲ್ಲ. ಕಾಲ ಬಳಿ ಮಲಗಿರುವ ಸಿಂಹವೂ ಅವರದಲ್ಲ. ಯೊರ್ದಾನ್ ನದಿಯ ಬಳಿಯಿದ್ದ ಗೆರಾಸಿಮುಸ್ ಎಂಬ ಸನ್ಯಾಸಿ ಸಿಂಹದ ಪಂಜದಿಂದ ಮುಳ್ಳು ತೆಗೆದ ಕಥೆಯನ್ನು, ಹೆಸರುಗಳ ಹೋಲಿಕೆಯಿಂದ ಇವರಿಗೆ ಅಂಟಿಸಲಾಯಿತು. ಕೆಲವು ಚಿತ್ರಗಳಲ್ಲಿ ಅವರು ಕಲ್ಲಿನಿಂದ ಎದೆ ಬಡಿದುಕೊಳ್ಳುತ್ತಿರುತ್ತಾರೆ. ಜಗದ್ಗುರುಗಳೊಬ್ಬರು ಅಂಥ ಚಿತ್ರದ ಮುಂದೆ ನಿಂತು, ಈ ಕಲ್ಲು ಕೈಯಲ್ಲಿ ಇರದಿದ್ದರೆ ಇವರನ್ನು ಸಂತರೆಂದು ಕರೆಯುವುದು ಕಷ್ಟವಾಗುತ್ತಿತ್ತೆಂದು ನಕ್ಕರೆಂಬ ಕಥೆಯನ್ನು ಗುರುಮಠದಲ್ಲಿ ನಾವು ಕೇಳಿದ್ದುಂಟು.

ಪುಣ್ಯಭೂಮಿಯ ಯಾತ್ರೆಗೆ ಹೋಗುವ ನಮ್ಮ ಧರ್ಮಕೇಂದ್ರದವರು ಬೆತ್ಲೆಹೇಮಿನ ಜನನಮಂದಿರಕ್ಕೆ ಅಂಟಿಕೊಂಡಿರುವ ಸಂತ ಕ್ಯಾಥರೀನಳ ದೇವಾಲಯದಿಂದ ಮೆಟ್ಟಿಲುಗಳನ್ನು ಇಳಿದು ನೋಡಬೇಕು. ಅಲ್ಲಿ ಜೆರೋಮರು ಬರೆಯುತ್ತಿದ್ದರೆನ್ನುವ ಗುಹೆಯನ್ನು ತೋರಿಸುತ್ತಾರೆ. ಪೌಲಾ ಮತ್ತು ಎವುಸ್ತೋಕಿಯಂ ಅವರ ಸಮಾಧಿಗಳೆಂದು ಹೇಳುವ ಸ್ಥಳವೂ, ಜೆರೋಮರ ಸಮಾಧಿಯೆನ್ನುವ ಸ್ಥಳವೂ ಅಲ್ಲಿಯೇ ಹತ್ತಿರದಲ್ಲಿವೆ. ಸಂತರ ಎಲುಬುಗಳನ್ನು ಬಹುಕಾಲದ ಹಿಂದೆಯೇ ರೋಮಿನ ಸಾಂತಾ ಮರಿಯಾ ಮಜ್ಜೋರೆ ಮಹಾದೇವಾಲಯಕ್ಕೆ ಒಯ್ದರೆಂದು ಹೇಳುತ್ತಾರೆ. ಅವರನ್ನು ಹೊರಗಟ್ಟಿದ ನಗರಕ್ಕೇ ಅವರು ಹಾಗೆ ಮರಳಿದರು. ಬೆತ್ಲೆಹೇಮಿನಲ್ಲಿ ತಾಯಿಮಗಳ ಸಮಾಧಿಗಳ ಬಳಿ ಅವರ ಬರಿದಾದ ಕಲ್ಲುಗೋರಿ ಉಳಿದಿದೆ.